ಕಣದ ಕ್ಯಾಮೆರಾಕ್ಕೆ ಹೊರಗಿನಿಂದ ದಾರಿ: ಮನೆಯ ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್

ಕೊಯ್ಲಿನ ತಿಂಗಳುಗಳಲ್ಲಿ ಆಲ್ದೂರು, ಮೂಡಿಗೆರೆ, ಕೊಪ್ಪದ ಕಡೆ ಯಾವ ತೋಟದ ಮನೆಗೆ ಹೋದರೂ ಕಣದ ತುಂಬ ಕಾಫಿ ಹಣ್ಣು ಹರವಿರುತ್ತದೆ. ಅದು ಒಣಗಿ ಚೀಲ ಸೇರುವವರೆಗೆ ಮನೆಯವರ ಒಂದು ಕಣ್ಣು ಕಣದ ಮೇಲೇ ಇರುವುದು ಹಿಂದಿನಿಂದ ಬಂದ ರೂಢಿ. ಈಚೆಗೆ ಆ ಕಣ್ಣಿನ ಕೆಲಸವನ್ನು ಗೋಡೆಯ ಮೂಲೆಗೆ ಕೂರಿಸಿದ ಎರಡು ಕ್ಯಾಮೆರಾಗಳೂ ಅವುಗಳ ಚಿತ್ರ ದಾಖಲಿಸುವ ಒಂದು ಎನ್‌ವಿಆರ್ ಪೆಟ್ಟಿಗೆಯೂ ಮಾಡುತ್ತಿವೆ. ಮನೆಯೊಳಗೆ ಕುಳಿತು ಟಿವಿಯಲ್ಲಿ ಕಣ ನೋಡುವುದಕ್ಕೆ ಯಾವ ತಾಪತ್ರಯವೂ ಇಲ್ಲ. ತೊಡಕು ಶುರುವಾಗುವುದು ಮನೆಯವರು ಚಿಕ್ಕಮಗಳೂರು ಪೇಟೆಗೆ ಹೋದಾಗ, ಅಥವಾ ಬೆಂಗಳೂರಿನಲ್ಲಿರುವ ಮಗ ತನ್ನ ಮೊಬೈಲಿನಲ್ಲೂ ಅದೇ ಚಿತ್ರ ಕಾಣಬೇಕೆಂದಾಗ. ಹೊರಗಿನಿಂದ ಬರುವ ಆ ಕೋರಿಕೆಯನ್ನು ಮನೆಯ ರೂಟರ್ ಒಳಗೆ ಬಿಡಬೇಕು, ಬಿಟ್ಟು ಸರಿಯಾದ ಉಪಕರಣಕ್ಕೇ ತಲುಪಿಸಬೇಕು. ಹಾಗೆ ತಲುಪಿಸುವಂತೆ ರೂಟರ್‌ನಲ್ಲಿ ಬರೆದಿಡುವ ಕಾಯಂ ಆದೇಶಕ್ಕೆ ಪೋರ್ಟ್ ಫಾರ್ವರ್ಡಿಂಗ್ ಎಂದು ಹೆಸರು.

ಆದೇಶ ಬರೆಯುವ ಕೆಲಸ ಐದು ನಿಮಿಷದ್ದು. ನಾನು ಮೊದಲ ಬಾರಿ ಅದಕ್ಕೆ ಎರಡು ದಿನ ತೆಗೆದುಕೊಂಡೆ, ಏಕೆಂದರೆ ಬರೆಯುವ ಮೊದಲು ನೋಡಬೇಕಾದ್ದನ್ನು ನೋಡಿರಲಿಲ್ಲ. ಆದ್ದರಿಂದ ಇಲ್ಲಿ ಆದೇಶ ಬರೆಯುವ ಪರದೆಗಿಂತ ಅದರ ಮುಂಚಿನ ಪರೀಕ್ಷೆಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ರೂಟರ್ ಎಂಬ ರೈಟರು

ದೊಡ್ಡ ತೋಟಗಳಲ್ಲಿ ಲೆಕ್ಕ ಬರೆಯುವ, ಟಪಾಲು ನೋಡಿಕೊಳ್ಳುವ ರೈಟರು ಇರುವುದು ಮಲೆನಾಡಿನವರಿಗೆ ಗೊತ್ತಿದ್ದದ್ದೇ. ತೋಟಕ್ಕೆ ಅಂಚೆಯ ವಿಳಾಸ ಒಂದು, ಕೆಲಸಗಾರರ ಲೈನ್ ಮನೆಗಳು ಹತ್ತಾರು. ಲೈನಿನಿಂದ ಯಾರಾದರೂ ಊರಿಗೆ ಕಾಗದ ಬರೆದರೆ ರೈಟರು ಅದನ್ನು ತೋಟದ ವಿಳಾಸದಿಂದಲೇ ಕಳುಹಿಸುತ್ತಾರೆ, ಯಾವ ಮನೆಯವರು ಯಾರಿಗೆ ಬರೆದರೆಂದು ತಮ್ಮ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಾರೆ, ಉತ್ತರ ಬಂದಾಗ ಆ ಗುರುತು ನೋಡಿ ಮನೆಗೆ ಮುಟ್ಟಿಸುತ್ತಾರೆ. ಮನೆಯ ರೂಟರ್ ದಿನಕ್ಕೆ ಲಕ್ಷಾಂತರ ಸಲ ಮಾಡುವ ಕೆಲಸವೂ ಇದೇ. ತಂತ್ರಜ್ಞರು ಇದನ್ನು ನ್ಯಾಟ್ ಎನ್ನುತ್ತಾರೆ. ವಿಳಾಸ ಬದಲಿಸುವಿಕೆ ಎಂದು ಅರ್ಥ.

ಈ ಏರ್ಪಾಡು ಬೇಕಾದದ್ದು ವಿಳಾಸಗಳ ಬರದಿಂದ. ಹಳೆಯ ಐಪಿವಿ4 ಪದ್ಧತಿಯಲ್ಲಿ ಒಟ್ಟು ಇರುವುದು ಸುಮಾರು 429 ಕೋಟಿ ವಿಳಾಸ. ಜಗತ್ತಿಗೆ ಹಂಚುವ ಮುಖ್ಯ ದಾಸ್ತಾನು 2011ರ ಫೆಬ್ರವರಿಯಲ್ಲೇ ಬರಿದಾಯಿತು. ಭಾರತವೂ ಸೇರಿದ ಏಷ್ಯಾ-ಪೆಸಿಫಿಕ್ ವಲಯದ ಸಂಸ್ಥೆ ಏಪಿಎನ್‌ಐಸಿ ಅದೇ ವರ್ಷದ ಏಪ್ರಿಲ್‌ನಿಂದ ಉಳಿದದ್ದನ್ನು ಚಿಟಿಕೆ ಚಿಟಿಕೆಯಾಗಿ ಕೊಡತೊಡಗಿತು. ಹೀಗಾಗಿ ಮನೆಯೊಳಗಿನ ಮೊಬೈಲು, ಟಿವಿ, ಕ್ಯಾಮೆರಾಗಳಿಗೆಲ್ಲ ಸೇರಿ ಹೊರಗೆ ಒಂದೇ ವಿಳಾಸ. ಒಳಗೆ ಮಾತ್ರ ಅವುಗಳಿಗೆ 192.168 ಎಂದು ಆರಂಭವಾಗುವ, ಯಾರು ಬೇಕಾದರೂ ಬಳಸಿಕೊಳ್ಳಬಹುದಾದ ಖಾಸಗಿ ಸಂಖ್ಯೆಗಳು.

ಪೋರ್ಟ್ ಎಂದರೆ ವಿಳಾಸದ ಜೊತೆಗೆ ಬರುವ, 65535ರವರೆಗೆ ಹೋಗುವ ಇನ್ನೊಂದು ಸಂಖ್ಯೆ. ಬಂದ ಟಪಾಲು ಯಾವ ಕೆಲಸಕ್ಕೆ ಸೇರಿದ್ದೆಂದು ಅದು ಹೇಳುತ್ತದೆ. ವೆಬ್ ಪುಟಗಳಿಗೆ 80 ಮತ್ತು 443, ಕ್ಯಾಮೆರಾದಿಂದ ಆರ್‌ಟಿಎಸ್‌ಪಿ ಪದ್ಧತಿಯಲ್ಲಿ ಬರುವ ನೇರ ವಿಡಿಯೊಗೆ 554, ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪಿಗೆ 3389, ಮಕ್ಕಳಿಗೆ ಪ್ರಿಯವಾದ ಮೈನ್‌ಕ್ರಾಫ್ಟ್ ಆಟದ ಸರ್ವರಿಗೆ 25565. ಕ್ಯಾಮೆರಾ ಕಂಪನಿಗಳ ಪೈಕಿ ಹಿಕ್‌ವಿಷನ್ ಉಪಕರಣಗಳ ಮೊಬೈಲ್ ಆ್ಯಪ್ ಸಾಮಾನ್ಯವಾಗಿ 8000ವನ್ನೂ ದಾಹುವಾದ್ದು 37777ವನ್ನೂ ಬಳಸುತ್ತದೆ. ಮನೆಯೊಳಗಿನವರು ಯಾರೂ ಮೊದಲು ಬರೆಯದೆ, ಹೊರಗಿನಿಂದ ತಾನಾಗಿ ಬಂದ ಟಪಾಲಿಗೆ ರೈಟರ ಪುಸ್ತಕದಲ್ಲಿ ಗುರುತೇ ಇರುವುದಿಲ್ಲವಾದ್ದರಿಂದ ರೂಟರ್ ಅದನ್ನು ಬಾಗಿಲಲ್ಲೇ ಬಿಸಾಡುತ್ತದೆ. ಅದು ಒಳ್ಳೆಯದೇ. ನಾವು ಮಾಡಹೊರಟಿರುವುದು ಪುಸ್ತಕದ ಮೊದಲ ಪುಟದಲ್ಲಿ ಒಂದು ಸಾಲು ಸೇರಿಸುವುದು: 8000 ಎಂದು ಬರೆದ ಟಪಾಲು ಬಂದರೆ ಯಾರನ್ನೂ ಕೇಳಬೇಡ, 192.168.1.50ಕ್ಕೆ ಕೊಡು.

ಮೊದಲು ನೋಡಬೇಕಾದ್ದು: ಆ ವಿಳಾಸ ನಿಮ್ಮದೇ?

ಈಗ ಬರುವುದು ಮುಖ್ಯ ವಿಷಯ. ರೈಟರ ಪುಸ್ತಕದಲ್ಲಿ ಎಷ್ಟು ಚೆನ್ನಾಗಿ ಬರೆದರೂ ಟಪಾಲು ತೋಟದ ಗೇಟಿನವರೆಗೆ ಬರಲೇಬೇಕಲ್ಲ. ವಿಳಾಸಗಳ ಬರ ಮನೆಗೆ ಮಾತ್ರ ಸೀಮಿತವಾಗಿಲ್ಲ. ಇಂಟರ್‌ನೆಟ್ ಸೇವಾದಾರರಿಗೂ ತಗುಲಿದೆ. ಅವರೂ ನೂರಾರು ಮನೆಗಳನ್ನು ಒಂದೇ ಹೊರವಿಳಾಸದ ಹಿಂದೆ ಕೂಡಿಹಾಕಿ, ತಮ್ಮ ಕೇಂದ್ರದಲ್ಲಿ ಇನ್ನೊಬ್ಬ ದೊಡ್ಡ ರೈಟರನ್ನು ಕೂರಿಸಿರುತ್ತಾರೆ. ಇದಕ್ಕೆ ಸಿಜಿನ್ಯಾಟ್ ಎಂದು ಹೆಸರು. ಐವತ್ತು ತೋಟಗಳ ಟಪಾಲೆಲ್ಲ ಪೇಟೆಯ ಒಂದೇ ಪೆಟ್ಟಿಗೆಗೆ ಬೀಳುವುದಾದರೆ, ಕರೆಯದೆ ಬಂದ ಕಾಗದ ಯಾವ ತೋಟದ್ದೆಂದು ಆ ಪೆಟ್ಟಿಗೆಯವರಿಗೆ ತಿಳಿಯುವುದಿಲ್ಲ. ಅವರ ಪುಸ್ತಕದಲ್ಲಿ ಸಾಲು ಬರೆಯುವ ಅಧಿಕಾರ ನಮಗಿಲ್ಲ.

ಪರೀಕ್ಷೆಗೆ ಬೇಕಾದ್ದು ಎರಡು ಸಂಖ್ಯೆ. ಮೊದಲನೆಯದು ರೂಟರ್ ತನ್ನ ಹೊರಬದಿಗೆ ಪಡೆದಿರುವ ವಿಳಾಸ. ಅದನ್ನು ಕಾಣಲು ರೂಟರ್‌ನ ಆಡಳಿತ ಪುಟಕ್ಕೆ ಹೋಗಬೇಕು. ಪೆಟ್ಟಿಗೆಯ ತಳದ ಚೀಟಿಯಲ್ಲಿ ಆ ಪುಟದ ವಿಳಾಸವೂ ಲಾಗಿನ್ ವಿವರವೂ ಸಾಮಾನ್ಯವಾಗಿ ಅಚ್ಚಾಗಿರುತ್ತವೆ. ಚೀಟಿ ಅಳಿಸಿಹೋಗಿದ್ದರೆ ಬ್ರೌಸರ್‌ನಲ್ಲಿ 192.168.0.1 ಅಥವಾ 192.168.1.1 ಎಂದು ಕೊಟ್ಟು ನೋಡಬಹುದು. ಅದೂ ಆಗದಿದ್ದರೆ ವಿಂಡೋಸ್ ಕಂಪ್ಯೂಟರ್‌ನ ಕಮಾಂಡ್ ಪ್ರಾಂಪ್ಟಿನಲ್ಲಿ ಐಪಿಕಾನ್ಫಿಗ್ ಎಂಬ ಆಜ್ಞೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟಾಗ ಡೀಫಾಲ್ಟ್ ಗೇಟ್‌ವೇ ಎಂಬ ಸಾಲಿನಲ್ಲಿ ಬರುವ ಸಂಖ್ಯೆಯೇ ರೂಟರ್‌ನ ಒಳವಿಳಾಸ. ಲಾಗಿನ್ ಆದ ಮೇಲೆ ಸ್ಟೇಟಸ್ ಅಥವಾ ಇಂಟರ್‌ನೆಟ್ ಎಂಬ ಪುಟದಲ್ಲಿ ವ್ಯಾನ್ ಐಪಿ ಎಂದು ಒಂದು ಸಂಖ್ಯೆ ಕಾಣುತ್ತದೆ. ಇಲ್ಲಿ ವ್ಯಾನ್ ಎಂದರೆ ಹೊರಗಿನ ಜಾಲ. ಕಾಫಿ ಚೀಲ ಸಾಗಿಸುವ ವ್ಯಾನಿಗೂ ಇದಕ್ಕೂ ಸಂಬಂಧವಿಲ್ಲ. ಆ ಸಂಖ್ಯೆಯನ್ನು ಒಂದು ಕಾಗದದ ಮೇಲೆ ಬರೆದುಕೊಳ್ಳಬೇಕು.

ಎರಡನೆಯದು ಜಗತ್ತು ನಿಮ್ಮನ್ನು ಯಾವ ವಿಳಾಸದಿಂದ ಗುರುತಿಸುತ್ತಿದೆ ಎಂಬುದು. ಅದೇ ಮನೆಯ ವೈಫೈಯಲ್ಲಿರುವ ಫೋನಿನಿಂದ, ನನ್ನ ಐಪಿ ಯಾವುದೆಂದು ಗೂಗಲ್‌ನಲ್ಲಿ ಇಂಗ್ಲಿಷಿನಲ್ಲಿ ಹುಡುಕಿದರೆ ಅದನ್ನು ತೋರಿಸುವ ತಾಣಗಳು ಹತ್ತು ಸಿಗುತ್ತವೆ. ಹುಡುಕುವಾಗ ಫೋನಿನ ಮೊಬೈಲ್ ಡೇಟಾವನ್ನೂ, ಬೇರೊಂದು ಜಾಲದ ಮೂಲಕ ಗುಪ್ತವಾಗಿ ಹಾಯಿಸುವ ವಿಪಿಎನ್ ಇದ್ದರೆ ಅದನ್ನೂ ಆಫ್ ಮಾಡಿರಬೇಕು, ಇಲ್ಲವಾದರೆ ಬೇರೆಯವರ ವಿಳಾಸವನ್ನು ನಮ್ಮದೆಂದು ಬರೆದುಕೊಳ್ಳುತ್ತೇವೆ. ಕೋಲನ್ ಚಿಹ್ನೆಗಳಿರುವ ಉದ್ದನೆಯ ಸಂಖ್ಯೆ ಬಂದರೆ ಅದು ಐಪಿವಿ6 ಎಂಬ ಹೊಸ ಪದ್ಧತಿಯ ವಿಳಾಸ. ಹಲವು ತಾಣಗಳಲ್ಲಿ ಪಕ್ಕದಲ್ಲೇ ನಾಲ್ಕು ತುಂಡುಗಳ ಐಪಿವಿ4 ವಿಳಾಸವೂ ಇರುತ್ತದೆ, ಈಗ ಬೇಕಾದ್ದು ಅದು.

ಎರಡೂ ಒಂದೇ ಆಗಿದ್ದರೆ ಅರ್ಧ ಕೆಲಸ ಮುಗಿದಂತೆ. ಬೇರೆಬೇರೆಯಾಗಿದ್ದರೆ ವ್ಯಾನ್ ಐಪಿ ಹೇಗೆ ಶುರುವಾಗುತ್ತದೆಂದು ನೋಡಬೇಕು. ಅದು 100.64ರಿಂದ 100.127ರ ನಡುವೆ ಇದ್ದರೆ ಸಂಶಯವೇ ಬೇಡ. ಸಿಜಿನ್ಯಾಟ್‌ಗೆಂದೇ 2012ರಲ್ಲಿ ಮೀಸಲಿಟ್ಟ ವಿಳಾಸಗಳ ಸಾಲು ಅದು. 10 ಎಂದು ಶುರುವಾದರೆ, ಅಥವಾ 172.16ರಿಂದ 172.31ರೊಳಗೆ ಇದ್ದರೆ, ಅದೂ ಬಹುಮಟ್ಟಿಗೆ ಸೇವಾದಾರರ ಒಳಜಾಲವೇ. 192.168 ಎಂದಿದ್ದರೆ ಮಾತ್ರ ತಪ್ಪು ನಮ್ಮ ಮನೆಯೊಳಗೇ ಇರುವ ಸಂಭವ ಹೆಚ್ಚು. ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ಮನೆಯ ವ್ಯಾನ್ ಐಪಿ 100.72 ಎಂದು ಶುರುವಾಗುತ್ತಿತ್ತು. ಅದರ ಅರ್ಥ ತಿಳಿಯದೆ ನಾನು ಆದೇಶದ ಸಾಲನ್ನು ಅಳಿಸಿ ಬರೆದು, ಬರೆದು ಅಳಿಸಿ, ಕೊನೆಗೆ ರೂಟರನ್ನೇ ಫ್ಯಾಕ್ಟರಿ ರೀಸೆಟ್ ಮಾಡಿ, ವೈಫೈ ಹೆಸರೂ ಹೋಗಿ, ಮನೆಯವರಿಂದ ಬೈಸಿಕೊಂಡೆ. ಸೇವಾದಾರರ ಸಹಾಯವಾಣಿಗೆ ಮೂರು ಬಾರಿ ಕರೆ ಮಾಡಿದಾಗ ಇಬ್ಬರು ರೂಟರನ್ನು ಆರಿಸಿ ಹತ್ತಿಸಲು ಹೇಳಿದರು. ಮೂರನೆಯವರು ಮಾತ್ರ, ನಿಮ್ಮ ಪ್ಲ್ಯಾನಿನಲ್ಲಿ ಪಬ್ಲಿಕ್ ಐಪಿ ಇಲ್ಲ ಸಾರ್ ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಪಬ್ಲಿಕ್ ಐಪಿ ಎಂದರೆ ಬೇರೆಯವರೊಂದಿಗೆ ಹಂಚಿಕೊಳ್ಳದ, ನಮ್ಮದೇ ಹೊರವಿಳಾಸ. ಆ ಒಂದು ಮಾತನ್ನು ಮೊದಲ ದಿನವೇ ಕೇಳಿಸಿಕೊಂಡಿದ್ದರೆ ಸಾಕಾಗಿತ್ತು. ಸಹಾಯವಾಣಿಯಲ್ಲಿ ಪೋರ್ಟ್ ಫಾರ್ವರ್ಡಿಂಗ್ ಆಗುತ್ತಿಲ್ಲ ಎಂದು ದೂರಬೇಡಿ, ಪಬ್ಲಿಕ್ ಐಪಿ ಬೇಕು, ಎಷ್ಟಾಗುತ್ತದೆ ಎಂದು ಕೇಳಿ. ಮಾತು ಬೇಗ ಮುಗಿಯುತ್ತದೆ.

ಸಿಜಿನ್ಯಾಟ್ ಇದ್ದರೆ ಮಾಡುವುದೇನು

ಹಣ ಕೊಟ್ಟು ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಪಬ್ಲಿಕ್ ವಿಳಾಸ, ಪಡೆಯುವುದು ನೇರ ದಾರಿ. ಅನೇಕ ಸೇವಾದಾರರು ಇದನ್ನು ತಿಂಗಳ ಅಥವಾ ವರ್ಷದ ಶುಲ್ಕಕ್ಕೆ ಕೊಡುತ್ತಾರೆ. ವಿಳಾಸ ಬದಲಾಗದೇ ಇರಬೇಕೆಂಬ ನಿಯಮವೇನೂ ನಮಗಿಲ್ಲ, ಅದು ಪಬ್ಲಿಕ್ ಆಗಿದ್ದರೆ ಸಾಕು. ಬದಲಾಗುವ ಪಬ್ಲಿಕ್ ವಿಳಾಸವನ್ನು ಕಡಿಮೆಗೆ ಕೊಡುತ್ತಾರೆಯೇ ಎಂದು ವಿಚಾರಿಸುವುದರಲ್ಲಿ ತಪ್ಪಿಲ್ಲ.

ಹಣ ಕೊಡಲು ಮನಸ್ಸಿಲ್ಲದವರಿಗೆ ಒಳಗಿನಿಂದ ಹೊರಗೆ ಹೋಗುವ ದಾರಿಗಳಿವೆ. ರೈಟರ ನಿಯಮ ನೆನಪಿಸಿಕೊಳ್ಳಿ: ಒಳಗಿನವರು ಮೊದಲು ಬರೆದರೆ ಉತ್ತರಕ್ಕೆ ಅಡ್ಡಿಯಿಲ್ಲ. ಟೇಲ್‌ಸ್ಕೇಲ್, ಜೀರೋಟಿಯರ್ ಮುಂತಾದ ತಂತ್ರಾಂಶಗಳು ಇದೇ ಉಪಾಯದ ಮೇಲೆ ನಿಂತಿವೆ; ಮನೆಯ ಒಂದು ಕಂಪ್ಯೂಟರ್ ಅಥವಾ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮತ್ತು ಮಗನ ಫೋನು ಎರಡೂ ಹೊರಗಿನ ಮಧ್ಯಸ್ಥ ಸರ್ವರಿಗೆ ತಾವಾಗಿ ಸಂಪರ್ಕ ಮಾಡಿ, ಅದರ ನೆರವಿನಿಂದ ಒಂದನ್ನೊಂದು ಕಂಡುಕೊಳ್ಳುತ್ತವೆ. ಕ್ಯಾಮೆರಾ ಕಂಪನಿಗಳ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವ ಪಿ2ಪಿ ಸೇವೆಯೂ ಇದೇ ಜಾತಿಯದು. ಅದು ಸುಲಭ, ಆದರೆ ಕಣದ ಚಿತ್ರಕ್ಕೆ ದಾರಿ ತೋರಿಸುವವರು ಕಂಪನಿಯ ಸರ್ವರಿನವರು ಎಂಬುದು ಗೊತ್ತಿರಬೇಕು. ಐಪಿವಿ6 ಇರುವ ಮನೆಗಳಲ್ಲಿ ಪ್ರತಿಯೊಂದು ಉಪಕರಣಕ್ಕೂ ಸ್ವಂತ ಹೊರವಿಳಾಸ ಸಿಗುವುದರಿಂದ ಫಾರ್ವರ್ಡಿಂಗ್ ಬೇಕಾಗುವುದೇ ಇಲ್ಲ, ಯಾರನ್ನು ಒಳಬಿಡಬೇಕೆಂದು ಕಾಯುವ ರೂಟರ್‌ನ ಫೈರ್‌ವಾಲಿನಲ್ಲಿ ಅನುಮತಿ ಕೊಟ್ಟರೆ ಆಯಿತು. ಎನ್‌ವಿಆರ್, ಆ್ಯಪ್, ಹೊರಗಿನ ಫೋನಿನ ಜಾಲ ಮೂರೂ ಐಪಿವಿ6 ಬಲ್ಲವಾಗಿರಬೇಕು ಎಂಬುದೊಂದೇ ಷರತ್ತು.

ಮನೆಯಲ್ಲೇ ಎರಡು ರೂಟರ್

ಫೈಬರ್ ಸಂಪರ್ಕವಿರುವಲ್ಲಿ ಫೈಬರ್ ಎಳೆ ಬಂದು ಸೇರುವ, ಕೇಬಲ್‌ನವರು ಕೂರಿಸಿ ಹೋದ ಓಎನ್‌ಟಿ ಪೆಟ್ಟಿಗೆಯೇ ರೂಟರ್ ಆಗಿಯೂ ಕೆಲಸ ಮಾಡುತ್ತಿರುತ್ತದೆ. ತೋಟದ ಮನೆಗಳ ಗೋಡೆ ದಪ್ಪ. ಹಿಂದಿನ ಕೋಣೆಗೆ ವೈಫೈ ಬರುವುದಿಲ್ಲವೆಂದು ನಾವು ಪೇಟೆಯಿಂದ ಇನ್ನೊಂದು ರೂಟರ್ ತಂದು ಅದರ ಹಿಂದೆ ಸಿಕ್ಕಿಸುತ್ತೇವೆ. ಆಗ ಎರಡನೆಯ ರೂಟರ್‌ನ ವ್ಯಾನ್ ಐಪಿ 192.168 ಎಂದು ಕಾಣುತ್ತದೆ, ಏಕೆಂದರೆ ಅದರ ಹೊರಜಾಲ ಎಂದರೆ ಓಎನ್‌ಟಿಯ ಒಳಜಾಲ. ಒಂದೇ ತೋಟಕ್ಕೆ ಇಬ್ಬರು ರೈಟರು. ಇಬ್ಬರ ಪುಸ್ತಕದಲ್ಲೂ ಸಾಲು ಬರೆದರೆ ಕೆಲಸ ನಡೆಯುತ್ತದೆ, ಆದರೆ ಮುಂದೊಂದು ದಿನ ಯಾವುದನ್ನು ಎಲ್ಲಿ ಬರೆದೆವೆಂದು ನಮಗೇ ತಿಳಿಯುವುದಿಲ್ಲ. ತಂದ ರೂಟರನ್ನು ವೈಫೈ ಹರಡುವುದಷ್ಟನ್ನೇ ಮಾಡುವ ಆ್ಯಕ್ಸೆಸ್ ಪಾಯಿಂಟ್ ಮೋಡಿಗೆ ಬದಲಿಸಿ, ಓಎನ್‌ಟಿಯೊಂದನ್ನೇ ರೈಟರಾಗಿ ಉಳಿಸಿಕೊಳ್ಳುವುದು ನನಗೆ ಸರಿಕಂಡ ಮಾರ್ಗ. ಓಎನ್‌ಟಿಯ ಆಡಳಿತ ಪುಟಕ್ಕೆ ಪಾಸ್‌ವರ್ಡ್ ಕೊಡಲು ಸೇವಾದಾರರು ಒಪ್ಪದಿದ್ದರೆ, ಅದನ್ನು ಟಪಾಲನ್ನು ಹಾಗೇ ದಾಟಿಸುವ ಬ್ರಿಡ್ಜ್ ಮೋಡಿಗೆ ಹಾಕಿಸಿ, ಸಂಪರ್ಕಕ್ಕೆ ಸೇವಾದಾರರು ಕೊಟ್ಟ ಪಿಪಿಪಿಒಇ ಹೆಸರು, ಪಾಸ್‌ವರ್ಡನ್ನು ನಮ್ಮ ರೂಟರ್‌ನಲ್ಲೇ ತುಂಬಬೇಕಾಗುತ್ತದೆ. ಆ ವಿವರವನ್ನು ಕೇಬಲ್‌ನವರಿಂದ ಕಾಗದದ ಮೇಲೆ ಬರೆಸಿಕೊಳ್ಳಿ.

ಒಳಗಿನ ಮನೆಗೆ ಕಾಯಂ ಸಂಖ್ಯೆ

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ದಿನಕ್ಕೆ ಎಷ್ಟು ಸಲ ಹೋಗಿ ಬರುತ್ತದೆಂದು ಲೆಕ್ಕ ಇಡುವವರಿಲ್ಲ. ರೂಟರ್ ಆರಿ ಹತ್ತಿದಾಗಲೆಲ್ಲ ತಾನು ಯಾರಿಗೆ ಯಾವ ಒಳವಿಳಾಸ ಕೊಟ್ಟಿದ್ದೆನೆಂಬುದನ್ನು ಮರೆಯುವ ಮನೆಬಳಕೆಯ ರೂಟರ್‌ಗಳು ಅನೇಕ ಇವೆ. ನಿನ್ನೆ 192.168.1.50 ಆಗಿದ್ದ ಎನ್‌ವಿಆರ್ ಇಂದು 192.168.1.53 ಆಗಿ, 50 ಅಜ್ಜಿಯ ಟ್ಯಾಬ್ಲೆಟ್ಟಿಗೆ ಹೋಗಿರಬಹುದು. ಫಾರ್ವರ್ಡಿಂಗ್ ಸಾಲು ಮಾತ್ರ ಹಳೆಯ ಸಂಖ್ಯೆಗೇ ಟಪಾಲು ಕೊಡುತ್ತಿರುತ್ತದೆ.

ಇದನ್ನು ತಪ್ಪಿಸಲು ರೂಟರ್‌ನ ಡಿಎಚ್‌ಸಿಪಿ, ಅಂದರೆ ಒಳವಿಳಾಸ ಹಂಚುವ, ಪುಟದಲ್ಲಿ ಅಡ್ರೆಸ್ ರಿಸರ್ವೇಷನ್ ಎಂಬ ಸೌಲಭ್ಯವಿದೆ. ಪ್ರತಿ ಉಪಕರಣಕ್ಕೂ ಕಾರ್ಖಾನೆಯಲ್ಲೇ ಬರೆದ ಮ್ಯಾಕ್ ವಿಳಾಸ ಎಂಬ ಹನ್ನೆರಡು ಅಕ್ಷರಗಳ ಗುರುತು ಇರುತ್ತದೆ. ಆ ಗುರುತಿನವನಿಗೆ ಯಾವಾಗಲೂ ಇದೇ ವಿಳಾಸ ಕೊಡು ಎಂದು ಇಲ್ಲಿ ನಮೂದಿಸಬೇಕು. ಪುಟದಲ್ಲಿ ಈಗ ಸಂಪರ್ಕದಲ್ಲಿರುವ ಉಪಕರಣಗಳ ಪಟ್ಟಿಯೇ ಬರುವುದರಿಂದ ಸಾಮಾನ್ಯವಾಗಿ ಅದರಲ್ಲಿ ಎನ್‌ವಿಆರ್ ಹೆಸರನ್ನು ಆಯ್ದು ಸೇವ್ ಒತ್ತಿದರೆ ಸಾಕು. ಇದಕ್ಕೆ ಬದಲು ಎನ್‌ವಿಆರ್‌ನ ಸೆಟ್ಟಿಂಗಿನಲ್ಲೇ ವಿಳಾಸ ತುಂಬುವವರೂ ಇದ್ದಾರೆ. ಹಾಗೆ ಮಾಡುವುದಾದರೆ ರೂಟರ್ ತಾನಾಗಿ ಹಂಚುವ ಸಂಖ್ಯೆಗಳ ವ್ಯಾಪ್ತಿಯ ಹೊರಗಿನದನ್ನು ಆರಿಸಬೇಕು. ರೂಟರ್ 100ರಿಂದ 199ರವರೆಗೆ ಹಂಚುತ್ತಿದ್ದರೆ 50 ಸುರಕ್ಷಿತ.

ಹಾಗೆ ಕೈಯಿಂದ ತುಂಬುವಾಗ ಒಂದು ಜಾಗದಲ್ಲಿ ತಪ್ಪು ನುಸುಳುತ್ತದೆ, ಅದನ್ನು ಹುಡುಕಲು ನನಗೆ ಒಂದು ಸಂಜೆಯೇ ಹಿಡಿಯಿತು. ಕ್ಯಾಮೆರಾ ಹಾಕಿದ ಹುಡುಗ ಎನ್‌ವಿಆರ್‌ನಲ್ಲಿ ವಿಳಾಸ ಸರಿಯಾಗಿ ಬರೆದು, ಗೇಟ್‌ವೇ ಎಂಬ ಚೌಕವನ್ನು 0.0.0.0 ಎಂದೇ ಬಿಟ್ಟಿದ್ದ. ಮನೆಯೊಳಗಿನ ಫೋನು, ಟಿವಿ ಎರಡರಲ್ಲೂ ಚಿತ್ರ ಬರುತ್ತಿತ್ತು, ಏಕೆಂದರೆ ಒಂದೇ ಜಾಲದ ಉಪಕರಣಗಳು ಮಾತಾಡಿಕೊಳ್ಳಲು ಗೇಟ್‌ವೇ ಬೇಕಿಲ್ಲ. ಹೊರಗಿನಿಂದ ನೋಡಿದರೆ ಖಾಲಿ ಪರದೆ. ಕಾಗದ ಲೈನ್ ಮನೆಗೆ ಮುಟ್ಟುತ್ತಿತ್ತು, ಆದರೆ ಉತ್ತರ ಬರೆದವನಿಗೆ ರೈಟರ ಕೋಣೆ ಎಲ್ಲಿದೆಯೆಂದೇ ಗೊತ್ತಿರಲಿಲ್ಲ. ಆ ಚೌಕದಲ್ಲಿ 192.168.1.1 ಎಂದು ತುಂಬಿ ಸೇವ್ ಒತ್ತಿದ ಮರುಕ್ಷಣ ಕಣ ಕಾಣಿಸಿತು.

ಸಾಲು ಬರೆಯುವುದು

ಇಷ್ಟಾದ ಮೇಲೆ ಉಳಿಯುವುದು ಕಡಿಮೆ. ರೂಟರ್‌ಗಳು ಈ ಪುಟವನ್ನು ಬೇರೆಬೇರೆ ಹೆಸರಿನಲ್ಲಿ ಇಟ್ಟಿರುತ್ತವೆ: ಟಿಪಿ-ಲಿಂಕ್‌ನಲ್ಲಿ ಅಡ್ವಾನ್ಸ್ಡ್ ಒಳಗಿನ ನ್ಯಾಟ್ ಫಾರ್ವರ್ಡಿಂಗ್ ಅಡಿಯಲ್ಲಿ ವರ್ಚುವಲ್ ಸರ್ವರ್ಸ್ ಅಥವಾ ಪೋರ್ಟ್ ಫಾರ್ವರ್ಡಿಂಗ್ ಎಂದೂ, ಆಸುಸ್‌ನಲ್ಲಿ ವ್ಯಾನ್ ಪುಟದೊಳಗೂ, ಹುವಾವೇ ಓಎನ್‌ಟಿಗಳಲ್ಲಿ ಪೋರ್ಟ್ ಮ್ಯಾಪಿಂಗ್ ಎಂದೂ ಇರುತ್ತದೆ. ಹೆಸರು ಯಾವುದಾದರೂ ಕೇಳುವ ವಿವರಗಳು ಒಂದೇ. ಸರ್ವಿಸ್ ನೇಮ್ ಎಂಬಲ್ಲಿ ನಿಮಗೆ ನೆನಪಿರುವ ಯಾವುದಾದರೂ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಕನ್ನಡ ಅಕ್ಷರ ಹಾಕಿದರೆ ಹಲವು ರೂಟರ್‌ಗಳು ಒಪ್ಪುವುದಿಲ್ಲ. ಇಂಟರ್ನಲ್ ಐಪಿ ಅಥವಾ ಡಿವೈಸ್ ಐಪಿ ಎಂಬಲ್ಲಿ ಈಗ ಕಾಯಂ ಮಾಡಿದ 192.168.1.50. ಇಂಟರ್ನಲ್ ಪೋರ್ಟ್ ಎಂಬಲ್ಲಿ ಎನ್‌ವಿಆರ್ ನಿಜವಾಗಿ ಕಿವಿಗೊಟ್ಟಿರುವ ಸಂಖ್ಯೆ, ಅಂದರೆ ನಮ್ಮ ಉದಾಹರಣೆಯಲ್ಲಿ 8000. ಇದನ್ನು ಊಹಿಸದೆ ಎನ್‌ವಿಆರ್‌ನ ನೆಟ್‌ವರ್ಕ್ ಪುಟದಲ್ಲಿ ನೋಡಿ ಬರೆಯಬೇಕು.

ಎಕ್ಸ್‌ಟರ್ನಲ್ ಪೋರ್ಟ್ ಎಂದರೆ ಹೊರಗಿನವರು ತಟ್ಟುವ ಸಂಖ್ಯೆ. ಅದೂ 8000 ಆಗಿರಬಹುದು, ಇಲ್ಲವೇ 48213ರಂಥ ಯಾವುದಾದರೂ ದೊಡ್ಡ ಸಂಖ್ಯೆಯಾಗಿರಬಹುದು. ಆ್ಯಪ್‌ನಲ್ಲಿ ಅದನ್ನೇ ಕೊಡಬೇಕು ಅಷ್ಟೆ. ಪ್ರಸಿದ್ಧ ಪೋರ್ಟ್‌ಗಳನ್ನು ಸೇವಾದಾರರೇ ತಡೆದಿರುವುದುಂಟಾದ್ದರಿಂದ ದೊಡ್ಡ ಸಂಖ್ಯೆಯೇ ಮೇಲು. ಎರಡು ಎನ್‌ವಿಆರ್ ಇದ್ದರೆ ಹೊರಸಂಖ್ಯೆ ಬೇರೆಬೇರೆ ಆಗಿರಲೇಬೇಕು, ಒಳಸಂಖ್ಯೆ ಎರಡಕ್ಕೂ 8000 ಆಗಿದ್ದರೂ ಅಡ್ಡಿಯಿಲ್ಲ. ಟಪಾಲು ಸಾಗುವ ಪದ್ಧತಿಯನ್ನು ಕೇಳುವ ಪ್ರೋಟೋಕಾಲ್ ಎಂಬಲ್ಲಿ ಕ್ಯಾಮೆರಾದ ಆ್ಯಪ್ ಪೋರ್ಟಿಗೆ ಟಿಸಿಪಿ ಆರಿಸಬೇಕು. ಮುಂದೆ ಹೇಳುವ ವೈರ್‌ಗಾರ್ಡ್ ಯುಡಿಪಿ ಎಂಬ ಇನ್ನೊಂದು ಪದ್ಧತಿಯನ್ನು ಕೇಳುತ್ತದೆ. ಟಿಸಿಪಿ ಎಂದು ಬಿಟ್ಟರೆ ಅದು ಎಷ್ಟು ಹೊತ್ತಾದರೂ ಕೂಡಿಕೊಳ್ಳುವುದಿಲ್ಲ. ಸೇವ್ ಒತ್ತಿ, ಸಾಲಿನ ಮುಂದೆ ಎನೇಬಲ್ ಗುರುತು ಬಿದ್ದಿದೆಯೇ ಎಂದು ಖಚಿತಪಡಿಸಿಕೊಳ್ಳಿ.

ಪರೀಕ್ಷೆ ಗೇಟಿನಾಚೆ

ಮನೆಯ ವೈಫೈಯಲ್ಲಿದ್ದುಕೊಂಡೇ ಹೊರವಿಳಾಸ ಹೊಡೆದು ಪರೀಕ್ಷಿಸಬಾರದು. ಒಳಗಿನಿಂದ ಹೊರಟು ತನ್ನದೇ ಹೊರವಿಳಾಸಕ್ಕೆ ತಿರುಗಿ ಬರುವ ಟಪಾಲನ್ನು ಹಲವು ರೂಟರ್‌ಗಳು ನಿಭಾಯಿಸುವುದಿಲ್ಲ, ಆಗ ಸರಿಯಾಗಿರುವುದೂ ತಪ್ಪೆಂದು ತೋರುತ್ತದೆ. ಮೊಬೈಲ್ ಡೇಟಾದಿಂದ ನೋಡಬೇಕು. ನಮ್ಮ ಮನೆಯೊಳಗೆ ಮೊಬೈಲ್ ಸಿಗ್ನಲ್ ಇಲ್ಲ. ಗೇಟಿನ ಬಳಿಯ ಹಲಸಿನ ಮರದ ಬುಡಕ್ಕೆ ಹೋದರೆ ಎರಡು ಕಡ್ಡಿ ಬರುತ್ತದೆ. ಪ್ರತಿ ಬದಲಾವಣೆಗೂ ಕೊಡೆ ಹಿಡಿದು ಅಲ್ಲಿಗೆ ಹೋಗಿ ಬರುವುದು ನನಗೆ ಅಭ್ಯಾಸವಾಯಿತು. ಬೆಂಗಳೂರಿನಲ್ಲಿರುವವರಿಗೆ ಫೋನ್ ಮಾಡಿ, ಈಗ ನೋಡು ಎನ್ನುವುದು ಇನ್ನೂ ಸುಲಭ. ಸಿಗ್ನಲ್ ಸೊರಗಿದ ಕಡೆ ಆ್ಯಪ್‌ನಲ್ಲಿ ಮುಖ್ಯ ಸ್ಟ್ರೀಮ್ ಬಿಟ್ಟು ಕಡಿಮೆ ಡೇಟಾ ಬೇಡುವ ಸಬ್‌ಸ್ಟ್ರೀಮ್ ಆರಿಸಿ, ಇಲ್ಲದಿದ್ದರೆ ದಾರಿ ತೆರೆದಿದ್ದರೂ ಚಿತ್ರ ಬರದು.

ಪೋರ್ಟ್ ತೆರೆದಿದೆಯೇ ಎಂದು ನೋಡಿಕೊಡುವ ವೆಬ್ ತಾಣಗಳೂ ಇವೆ, ಅವು ಟಿಸಿಪಿ ಪೋರ್ಟಿಗೆ ಸಾಕು. ಉಪಕರಣ ಆರಿದ್ದರೆ ಸಾಲು ಸರಿಯಾಗಿದ್ದರೂ ಮುಚ್ಚಿದೆ ಎಂದೇ ಅವು ಹೇಳುತ್ತವೆ. ಬಹಳ ಹೊತ್ತು ಕಾದು ಉತ್ತರವೇ ಬಾರದಿದ್ದರೆ ಟಪಾಲು ದಾರಿಯಲ್ಲೆಲ್ಲೋ ಬಿದ್ದಿದೆ: ಸಿಜಿನ್ಯಾಟ್, ಎರಡನೆಯ ರೂಟರ್, ಫೈರ್‌ವಾಲ್, ಅಥವಾ ನಾನು ಹೇಳಿದ ಗೇಟ್‌ವೇ ಚೌಕ. ತಕ್ಷಣ ನಿರಾಕರಣೆ ಬಂದರೆ ಟಪಾಲು ಯಾರಿಗೋ ಮುಟ್ಟಿದೆ, ಆದರೆ ಆ ಪೋರ್ಟಿನಲ್ಲಿ ಕಿವಿಗೊಟ್ಟವರಿಲ್ಲ. ಒಳಪೋರ್ಟ್ ಸಂಖ್ಯೆಯನ್ನು ಮತ್ತೆ ನೋಡಿ. ಒಳಗಿರುವುದು ವಿಂಡೋಸ್ ಕಂಪ್ಯೂಟರ್ ಆಗಿದ್ದರೆ ಅದರ ಸ್ವಂತ ಫೈರ್‌ವಾಲ್ ಬೇರೆ ಇರುತ್ತದೆ ಎಂಬುದು ನೆನಪಿರಲಿ.

ಪಬ್ಲಿಕ್ ವಿಳಾಸ ಆಗಾಗ ಬದಲಾಗುವುದಾದರೆ, ಬದಲಾಗದ ಹೆಸರೊಂದಕ್ಕೆ ಆ ವಿಳಾಸವನ್ನು ಜೋಡಿಸಿಡುವ ಡೈನಾಮಿಕ್ ಡಿಎನ್‌ಎಸ್ ಬೇಕು. ಡಕ್‌ಡಿಎನ್‌ಎಸ್, ನೋ-ಐಪಿಯಂಥ ಸೇವೆಗಳಲ್ಲಿ ಒಂದು ಹೆಸರು ಪಡೆದು ರೂಟರ್‌ನ ಡಿಡಿಎನ್‌ಎಸ್ ಪುಟದಲ್ಲಿ ತುಂಬಿದರೆ, ವಿಳಾಸ ಬದಲಾದಾಗಲೆಲ್ಲ ರೂಟರ್ ತಾನೇ ಹೋಗಿ ಹೊಸದನ್ನು ಬರೆಸಿ ಬರುತ್ತದೆ. ಆ್ಯಪ್‌ನಲ್ಲಿ ಸಂಖ್ಯೆಯ ಬದಲು ಹೆಸರನ್ನೇ ಕೊಟ್ಟಿರಬಹುದು. ನೋ-ಐಪಿಯ ಉಚಿತ ಹೆಸರನ್ನು 30 ದಿನಕ್ಕೊಮ್ಮೆ ದೃಢಪಡಿಸುತ್ತಿರಬೇಕು.

ತೆರೆದ ಬಾಗಿಲಿಗೆ ಯಾರು ಬರುತ್ತಾರೆ

ನಮ್ಮ ಮನೆಯ ಎನ್‌ವಿಆರ್ ಯಾರಿಗೆ ಬೇಕು ಎಂದು ಕೇಳುವವರಿದ್ದಾರೆ. ಯಾರೂ ನಮ್ಮ ಮನೆಯನ್ನು ಹುಡುಕಿಕೊಂಡು ಬರುವುದಿಲ್ಲ. ಬರುವವರು ಎಲ್ಲ ಬಾಗಿಲನ್ನೂ ತಟ್ಟುತ್ತಾ ಬರುತ್ತಾರೆ. 2013ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಹೊರತಂದ ಜೀಮ್ಯಾಪ್ ಎಂಬ ಸಾಧನ, ಒಂದೇ ಕಂಪ್ಯೂಟರಿನಿಂದ ಇಡೀ ಐಪಿವಿ4 ಜಗತ್ತಿನ ಒಂದು ಪೋರ್ಟನ್ನು 45 ನಿಮಿಷದೊಳಗೆ ತಟ್ಟಿ ಬರಬಲ್ಲುದೆಂದು ತೋರಿಸಿತು. 8000 ಬಿಟ್ಟು 48213 ಇಟ್ಟುಕೊಂಡರೆ ಸೋಮಾರಿ ಕಳ್ಳ ತಪ್ಪುತ್ತಾನೆ, ಅಷ್ಟೆ. 2016ರಲ್ಲಿ ಹರಡಿದ ಮಿರಾಯ್ ಎಂಬ ಕುತಂತ್ರಾಂಶ, ಕಾರ್ಖಾನೆಯಿಂದ ಬಂದ ಅರವತ್ತಕ್ಕೂ ಹೆಚ್ಚು ಹೆಸರು-ಪಾಸ್‌ವರ್ಡ್ ಜೋಡಿಗಳನ್ನಷ್ಟೇ ಪ್ರಯತ್ನಿಸಿ ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೂಟರ್‌ಗಳನ್ನು ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಅಂಥ ಉಪಕರಣಗಳ ಪಡೆಯೇ ಡೈನ್ ಎಂಬ ಡಿಎನ್‌ಎಸ್ ಕಂಪನಿಯ ಮೇಲೆ ಬಿದ್ದು, ಟ್ವಿಟರ್, ನೆಟ್‌ಫ್ಲಿಕ್ಸ್ ಸಹಿತ ಅನೇಕ ತಾಣಗಳು ಗಂಟೆಗಟ್ಟಲೆ ಸಿಗದಂತಾದವು. ಗಟ್ಟಿ ಪಾಸ್‌ವರ್ಡ್ ಇಟ್ಟರೆ ಸಾಕೇ ಎಂದರೆ, ಅದೂ ಸಾಲದು. 2021ರ ಸೆಪ್ಟೆಂಬರ್‌ನಲ್ಲಿ ಹಿಕ್‌ವಿಷನ್‌ನ ಹಲವು ಮಾದರಿಗಳಲ್ಲಿ ಪಾಸ್‌ವರ್ಡೇ ಇಲ್ಲದೆ ಒಳಹೊಗಬಹುದಾದ ಲೋಪ ಹೊರಬಿತ್ತು. ಹೊಸ ಫರ್ಮ್‌ವೇರ್, ಅಂದರೆ ಉಪಕರಣದೊಳಗಿನ ತಂತ್ರಾಂಶ, ಹಾಕಿಕೊಳ್ಳದವರ ಬಾಗಿಲು ತೆರೆದೇ ಉಳಿಯಿತು.

ಆದ್ದರಿಂದ ಮೊದಲು ಪಾಸ್‌ವರ್ಡ್ ಮತ್ತು ಫರ್ಮ್‌ವೇರ್, ಆಮೇಲೆ ಫಾರ್ವರ್ಡಿಂಗ್ ಸಾಲು. ಆಡಳಿತ ಪುಟವನ್ನು ಹೊರಗಿನಿಂದ ತೆರೆಯಬಿಡುವ ರೂಟರ್‌ನ ರಿಮೋಟ್ ಮ್ಯಾನೇಜ್‌ಮೆಂಟ್ ಆಫ್ ಮಾಡಿರಬೇಕು. ಒಳಗಿನ ಯಾವ ಉಪಕರಣವಾದರೂ ಕೇಳದೆಯೇ ಪೋರ್ಟ್ ತೆರೆದುಕೊಳ್ಳಲು ಬಿಡುವ ಯುಪಿಎನ್‌ಪಿ ಕೂಡ ಆಫ್ ಆಗಿರಲಿ. ಏನೂ ಹೊಂದದಿದ್ದಾಗ ಡಿಎಂಜೆಡ್ ಹಾಕಿಬಿಡಿ ಎಂಬ ಸಲಹೆ ಅಂಗಡಿಗಳಲ್ಲಿ ಸಿಗುತ್ತದೆ. ಅದು ಒಂದು ಉಪಕರಣದ ಎಲ್ಲ ಪೋರ್ಟ್‌ಗಳನ್ನೂ ಒಮ್ಮೆಗೇ ಬೀದಿಗೆ ತೆರೆದಿಡುವ ಕೆಲಸ, ಪರೀಕ್ಷೆಗೆ ಐದು ನಿಮಿಷವೂ ಬೇಡ.

ನನ್ನ ಅಭಿಪ್ರಾಯ ಕೇಳಿದರೆ ಕ್ಯಾಮೆರಾದ ಪೋರ್ಟನ್ನು ಹೊರಗೆ ತೆರೆಯಲೇಬೇಡಿ, ವೈರ್‌ಗಾರ್ಡ್ ವಿಪಿಎನ್‌ಗೆ ಒಂದೇ ಯುಡಿಪಿ ಪೋರ್ಟ್ ತೆರೆಯಿರಿ. ವಾಡಿಕೆಯ ಸಂಖ್ಯೆ 51820. ಕೀಲಿ ಇಲ್ಲದವರು ತಟ್ಟಿದರೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲವಾದ್ದರಿಂದ ಅಲ್ಲೊಂದು ಬಾಗಿಲಿದೆಯೆಂದೂ ಅವರಿಗೆ ತಿಳಿಯದು. ಆಸುಸ್, ಟಿಪಿ-ಲಿಂಕ್, ಮೈಕ್ರೋಟಿಕ್‌ನ ಕೆಲವು ರೂಟರ್‌ಗಳಲ್ಲಿ ಇದರ ಸರ್ವರ್ ಒಳಗೇ ಇರುತ್ತದೆ, ಆಗ ಫಾರ್ವರ್ಡಿಂಗ್ ಸಾಲೂ ಬೇಡ. ಇಲ್ಲದವರು ನಮ್ಮಂತೆ ರಾಸ್ಪ್‌ಬೆರಿ ಪೈಯಲ್ಲಿ ಅದನ್ನು ನಡೆಸಿ ಆ ಪೈಗೆ ಸಾಲು ಬರೆಯಬಹುದು. ಮಗ ಫೋನಿನಲ್ಲಿ ವೈರ್‌ಗಾರ್ಡ್ ಹಾಕಿದರೆ ಮನೆಯ ವೈಫೈಯಲ್ಲಿ ಕೂತಂತೆಯೇ, ಆ್ಯಪ್‌ಗೆ 192.168.1.50 ಎಂದು ಕೊಟ್ಟರೆ ಕಣ ಕಾಣುತ್ತದೆ.

ಪೈ, ಓಎನ್‌ಟಿ, ಎನ್‌ವಿಆರ್ ಮೂರನ್ನೂ ಯುಪಿಎಸ್‌ಗೆ ಸೇರಿಸಿ, ಸಾಲುಗಳ ಪುಟದ ಫೋಟೊ ತೆಗೆದಿಡಿ. ಫೈಬರ್ ಎಳೆಯಲ್ಲಿ ಸಿಡಿಲು ಹರಿದುಬರುವುದಿಲ್ಲ ನಿಜ, ಆದರೆ ಕರೆಂಟಿನ ತಂತಿಯಲ್ಲೂ ಕಣದಿಂದ ಬರುವ ತಾಮ್ರದ ಕ್ಯಾಮೆರಾ ಕೇಬಲ್ಲಿನಲ್ಲೂ ಬರುತ್ತದೆ. ಏಪ್ರಿಲ್‌ನ ಗುಡುಗಿಗೆ ಓಎನ್‌ಟಿ ಸುಟ್ಟು ಹೊಸದು ಬಂದಾಗ ಅದರ ಪುಸ್ತಕ ಖಾಲಿಯಾಗಿರುತ್ತದೆ.

ಪಬ್ಲಿಕ್ ವಿಳಾಸ ಸಿಕ್ಕ ಮೇಲೆ, ಈಗ ನಮ್ಮ ಮನೆಯಲ್ಲಿ ಉಳಿದಿರುವುದು 51820ರ ಆ ಒಂದು ಸಾಲು. ಮಾರ್ಚ್ ಕೊನೆಗೆ ರೊಬಸ್ಟಾದ ಕಡೆಯ ಚೀಲ ಕ್ಯೂರಿಂಗಿಗೆ ಹೊರಟ ದಿನ ಅದನ್ನೂ ಡಿಸೇಬಲ್ ಮಾಡುತ್ತೇವೆ. ನವೆಂಬರ್‌ನಲ್ಲಿ ಅರೇಬಿಕಾ ಹಣ್ಣು ಕಣಕ್ಕೆ ಬೀಳುವ ಹೊತ್ತಿಗೆ ಮತ್ತೆ ಎನೇಬಲ್ ಒತ್ತುವ ಮುನ್ನ ವ್ಯಾನ್ ಐಪಿಯ ಮೇಲೆ ಒಮ್ಮೆ ಕಣ್ಣಾಡಿಸುತ್ತೇನೆ, ಏಕೆಂದರೆ ಒಂದು ಮಳೆಗಾಲದಲ್ಲಿ ಸೇವಾದಾರರು ಹೇಳದೆ ಕೇಳದೆ ನಮ್ಮನ್ನು ಮತ್ತೆ 100.72ರ ಸಾಲಿಗೇ ತಳ್ಳಿದ್ದರು.